ಜೀಬ್ರಾಮೀನಿನ ಮರಿಗಳಿಗೆ ಉಪ್ಪು ನೀರು: ನನ್ನ ಅನುಭವ

"ಸಿಹಿನೀರಿನ ಮೀನಿಗೆ ಉಪ್ಪು ನೀರಾ? ಉಪ್ಪಿನಕಾಯಿ ಹಾಕ್ತೀರಾ?" ಅಂತ ಲ್ಯಾಬಿನ ಸೀನಿಯರ್ ಒಬ್ಬರು ನಕ್ಕಿದ್ದರು. ಈಗ ಅವರ ಮ್ಯೂಟೆಂಟ್ (ಜೀನ್ ಬದಲಾದ) ಮರಿಗಳನ್ನೂ ನಾನೇ ಸಾಕುತ್ತಿದ್ದೇನೆ.

ಮೊದಲ 5 ದಿನ ಯಾರಿಗೂ ತಲೆನೋವಿಲ್ಲ, ಅಲ್ವಾ? ಮರಿಯ ಹೊಟ್ಟೆಗಂಟಿದ ಹಳದಿಚೀಲವೇ ಊಟ. ಅದು ಕರಗಿದ ಮೇಲೆ ಶುರು. 12ನೇ ದಿನದ ಹೊತ್ತಿಗೆ ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಮರಿಗಳು ತಳ ಸೇರುತ್ತಿದ್ದವು. ಊಟಕ್ಕೆ ಬೆಳೆಸುವ ಪ್ಯಾರಾಮೀಸಿಯಂ ಎಂಬ ಸೂಕ್ಷ್ಮಜೀವಿಯ ಕಲ್ಚರ್ ಸೋಮವಾರ ದಟ್ಟ, ಗುರುವಾರ ಬರೀ ಗಬ್ಬು ನೀರು. ಬೇಯಿಸಿದ ಮೊಟ್ಟೆಯ ಹಳದಿ ಹಾಕಿದರೆ ಬೆಳಗಾಗುವುದರೊಳಗೆ ಟ್ಯಾಂಕ್ ನಾರುತ್ತಿತ್ತು. ಹೊರದೇಶದ ಮೀನಾಹಾರದ ಪುಡಿಗೆ ಐದಾರು ಸಾವಿರ ಸುರಿದದ್ದೂ ದಂಡ.

ಆಮೇಲೆ ರೋಟಿಫರ್ ಹಿಡಿದೆ, ಅಂದರೆ ನೀರಿನಲ್ಲಿ ಈಜುವ ಅತಿ ಪುಟ್ಟ ಪ್ರಾಣಿ. ಬ್ರಾಕಿಯೋನಸ್, ಉಪ್ಪು ನೀರಿನದು. ಕಲ್ಚರ್ ಡ್ರಮ್ಮಿನಲ್ಲಿ ಲೀಟರಿಗೆ ಸುಮಾರು 15 ಗ್ರಾಂ ಸಮುದ್ರದ ಉಪ್ಪು, ಮರಿಗಳ ಟ್ಯಾಂಕಿನಲ್ಲಿ 5 ಗ್ರಾಂ. ಅಷ್ಟನ್ನು ಮರಿಗಳು ತಡೆಯುತ್ತವೆ, ರೋಟಿಫರ್ ಕೂಡ ಸಾಯುವುದಿಲ್ಲ. ನೀರಿನ ಹರಿವು ಬಂದ್ ಮಾಡಿ, ಸ್ವಲ್ಪ ಪಾಚಿ ಹಾಕಿ, 9ನೇ ದಿನದವರೆಗೆ ಸುಮ್ನೆ ಬಿಡುತ್ತೇನೆ. ಊಟ ಇಪ್ಪತ್ತನಾಲ್ಕು ಗಂಟೆಯೂ ಮರಿಯ ಸುತ್ತಲೇ ಈಜುತ್ತಿರುತ್ತದೆ. ಮೈಕ್ರೋಸ್ಕೋಪಿನಡಿ ನೋಡಬೇಕು: ಎರಡೂ ಕಣ್ಣು ಮೂಗಿನ ಕಡೆ ತಿರುಗುತ್ತವೆ, ಬಾಲದ ತುದಿ ಕೊಕ್ಕೆಯಾಗುತ್ತದೆ, ಗಬಕ್ಕನೆ ಒಂದು ಒಳಗೆ.

ಸಲೀಸಾಗಿ ಆಗಲಿಲ್ಲ. ರೋಟಿಫರ್ ಡ್ರಮ್ಮಿಗೆ ಸಿಲಿಯೇಟ್ ಎಂಬ ಬೇಡದ ಸೂಕ್ಷ್ಮಜೀವಿ ನುಗ್ಗಿ ಎರಡು ಸಲ ಎಲ್ಲ ಹೋಯಿತು. ಈಗ ದಿನವೂ ರೋಟಿಫರನ್ನು 50 ಮೈಕ್ರಾನ್ ಬಟ್ಟೆಯಲ್ಲಿ ಸೋಸಿ ತೊಳೆಯುತ್ತೇನೆ. ಕರೆಂಟ್ ಹೋದರೆ ಪಿಸಿಆರ್ ಯಂತ್ರಕ್ಕೆ ಯುಪಿಎಸ್, ಗಾಳಿಪಂಪಿಗೆ ಏನೂ ಇಲ್ಲ! ಕೈಯಿಂದ ಮುನ್ನೂರೋ ನಾನೂರೋ ಕೊಟ್ಟು ಬ್ಯಾಟರಿ ಪಂಪ್ ತಂದೆ. ಆ ಬಿಲ್ಲು ಇನ್ನೂ ಪಾಸಾಗಿಲ್ಲ.

ನಿಜವಾಗಿ ಜೇಬು ಸುಡುವುದು ರೋಟಿಫರ್ ತಿನ್ನುವ ಪಾಚಿ ಪೇಸ್ಟ್. ಐಸ್ ಡಬ್ಬಿ, ಕಸ್ಟಮ್ಸ್ ಎಲ್ಲ ಸೇರಿ ಬಾಟಲಿಗೆ ಒಂಬತ್ತು ಸಾವಿರದ ಹತ್ತಿರ. ಅರ್ಧದಷ್ಟು ಪೇಸ್ಟಿನ ಜಾಗಕ್ಕೆ ಬೇಕರಿ ಯೀಸ್ಟ್ ತಂದೆ. ಬರೀ ಯೀಸ್ಟ್ ತಿಂದ ರೋಟಿಫರಿನಲ್ಲಿ ಸತ್ವ ಇರಲ್ಲ, ಅದಕ್ಕೆ ಮರಿಗೆ ಕೊಡುವ ಮುಂಚೆ ಒಂದಿಷ್ಟು ಹೊತ್ತು ಪಾಚಿ ತಿನ್ನಿಸಬೇಕು. ಎಷ್ಟು ಹೊತ್ತು, ಯೀಸ್ಟ್ ಎಷ್ಟು? ಅದು ನನ್ನ ನೋಟ್‌ಬುಕ್ಕಿನಲ್ಲೇ ಇರಲಿ. ಮೆಡಿಕಲ್ ಶಾಪಿನ ಸ್ಪಿರುಲಿನಾ ಪುಡಿಯನ್ನೂ ಹಾಕಿ ನೋಡಿದೆ, ನೊರೆಯೋ ನೊರೆ. ಮಿಕ್ಕ ರೋಟಿಫರನ್ನು ಮನೆಯ ಬೆಟ್ಟಾ ಮೀನಿನ ಮರಿಗಳಿಗೆ ಒಯ್ದೆ. ಸಿಹಿನೀರಿಗೆ ಬಿದ್ದ ರೋಟಿಫರ್‌ಗಳು ಸ್ವಲ್ಪ ಹೊತ್ತಿಗೇ ತಣ್ಣಗಾದವು.

ಈಗ ನೂರಕ್ಕೆ ಎಂಬತ್ತು ಮರಿ ಉಳಿಯುತ್ತವೆ, ಕೆಲವು ಬ್ಯಾಚಿನಲ್ಲಿ ಇನ್ನೂ ಜಾಸ್ತಿ. ಗಾಳಿಚೀಲ (ಮೀನನ್ನು ತೇಲಿಸುವ ಚೀಲ) ತುಂಬದ ಮ್ಯೂಟೆಂಟ್‌ಗಳಿಗೆ ಮಾತ್ರ ಇದೂ ನಡೆಯಲ್ಲ. ಅವನ್ನು 5ನೇ ದಿನವೇ ಬೇರೆ ಮಾಡಿ ಫಿಕ್ಸ್ ಮಾಡಿಕೊಳ್ಳಿ, ಅಂದರೆ ಅಧ್ಯಯನಕ್ಕೆ ರಾಸಾಯನಿಕದಲ್ಲಿ ಕೆಡದಂತೆ ಇಟ್ಟುಕೊಳ್ಳಿ.