ಮೆಕ್ಸಿಕೋಗೆ ಬರುವವರೇ, ಮುದ್ರೆ ಓದಿದ ಮೇಲೆ ಕೌಂಟರ್ ಬಿಡಿ

ಹೋದ ತಿಂಗಳು ಒಂದು ರಾತ್ರಿ ಫೋನ್ ಟಿಣ್ ಅಂದಿತು. ದಾವಣಗೆರೆ ಕಡೆಯ ಸಂಸಾರ. ಗಂಡನಿಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಆಗಷ್ಟೇ ವಿಮಾನ ಇಳಿದಿದ್ದರು. ಪಾಸ್‌ಪೋರ್ಟಿಗೆ ಬಿದ್ದ ಪ್ರವೇಶ ಮುದ್ರೆಯ ಫೋಟೊ ಕಳಿಸಿ ಕೆಳಗೆ ಬರೆದಿದ್ದರು: "ಅಕ್ಕಾ, 30 ದಿನ ಅಂತ ಹೆದರಿಸಿದ್ರಿ. 180 ಕೊಟ್ಟಿದ್ದಾರೆ ನೋಡಿ!"

ನನ್ನ ಎದೆ ಧಸಕ್ಕೆಂದಿತು. ಫೋನ್ ಮಾಡಿ ಎಲ್ಲಿದ್ದೀರಿ ಅಂದೆ. ಟ್ಯಾಕ್ಸಿಯಲ್ಲಿದ್ದರು. ತಿರುಗಿಸಿ ಅಂದೆ. ತಿರುಗಿಸಿದರು, ಆದರೆ ಒಮ್ಮೆ ಹೊರಗೆ ಬಂದವರನ್ನು ಮತ್ತೆ ಮುದ್ರೆ ಒತ್ತುವ ಆ ವಲಸೆ ಕೌಂಟರ್ ತನಕ ಯಾರು ಬಿಡುತ್ತಾರೆ? ಈಗ ವಕೀಲರ ಬೆನ್ನು ಹತ್ತಿದ್ದಾರೆ.

ಮೂರು ವರ್ಷದ ಹಿಂದೆ ನಾವೂ ಹೀಗೇ ಖುಷಿಯಾಗಿ ಟ್ಯಾಕ್ಸಿ ಹತ್ತಿದವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮವರು ಪಾಸ್ಟರ್. ಊರು ಧಾರವಾಡ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು, ಆಮೇಲೆ ಘಟ್ಟ ಹತ್ತಿ ನಮ್ಮ ಕಡೆಗೂ ಬಂದರು. ಅವರು ಕಟ್ಟಿದ ಶಾಲೆಯಲ್ಲಿ ಓದಿದ ಮನೆತನ ನಮ್ಮದು. ಈಗ ನಾವೇ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಸೇವೆಗೆಂದು ಮೆಕ್ಸಿಕೋದ ಕೆರೆತಾರೊಗೆ ಬಂದಿದ್ದೇವೆ. ಚಿಕ್ಕಂದಿನಲ್ಲಿ ಕೇಳಿದ ಮಿಶನರಿ ಕತೆಗಳಲ್ಲಿ ಹಡಗು, ಜ್ವರ, ಗೊತ್ತಿಲ್ಲದ ಭಾಷೆ ಎಲ್ಲ ಇರುತ್ತಿತ್ತು. ರಬ್ಬರ್ ಮುದ್ರೆಯ ಕತೆ ಮಾತ್ರ ಯಾರೂ ಹೇಳಿರಲಿಲ್ಲ.

ಖಾರ, ಸ್ಪ್ಯಾನಿಷ್, ಕಳ್ಳರ ಭಯ, ಇದನ್ನೆಲ್ಲ ನೀವಾಗಲೇ ಯೂಟ್ಯೂಬಿನಲ್ಲಿ ನೋಡಿರುತ್ತೀರಿ. ಬಿಟ್ಟುಬಿಡುತ್ತೇನೆ. ಮುದ್ರೆಗೆ ಬರೋಣ.

ಇಲ್ಲಿ ಇರಲು ಬರುವವರಿಗೆ ಮೊದಲು ಸಿಗುವುದು ತಾತ್ಕಾಲಿಕ ನಿವಾಸಿ ವೀಸಾ. ಕರೆಸಿಕೊಳ್ಳುವ ಕಂಪನಿ ಅಥವಾ ಚರ್ಚು ಮೆಕ್ಸಿಕೋದಲ್ಲಿ ಅನುಮತಿ ತೆಗೆಯುತ್ತದೆ. ಆಮೇಲೆ ದೆಹಲಿಯ ರಾಯಭಾರ ಕಚೇರಿಯಲ್ಲಿ ಸಂದರ್ಶನ. ಪಾಸ್‌ಪೋರ್ಟಿಗೆ ಅಂಟಿಸಿ ಕೊಡುವ ಆ ವೀಸಾ ಇಲ್ಲಿ ಇರುವ ಪರವಾನಗಿ ಅಲ್ಲ, ಒಂದು ಸಲ ಒಳಗೆ ಬರುವ ಚೀಟಿ ಅಷ್ಟೇ. 180 ದಿನದೊಳಗೆ ಅದನ್ನು ಬಳಸಬೇಕು. ಒಳಗೆ ಬಂದ ಮೇಲೆ 30 ದಿನದೊಳಗೆ ವಲಸೆ ಕಚೇರಿಗೆ ಹೋಗಿ, ವೀಸಾ ತೋರಿಸಿ, ನಿವಾಸಿ ಕಾರ್ಡಿಗೆ ಅರ್ಜಿ ಹಾಕಬೇಕು. ಈ ಅದಲುಬದಲಿಗೆ ಸ್ಪ್ಯಾನಿಷಿನಲ್ಲಿ 'ಕಾನ್ಹೆ' ಅನ್ನುತ್ತಾರೆ. ಆದ್ದರಿಂದ ವಿಮಾನ ನಿಲ್ದಾಣದಲ್ಲಿ ನಿಮಗೆ ಬೀಳಬೇಕಾದ ಮುದ್ರೆಯಲ್ಲಿ 'ಕಾನ್ಹೆ' ಎಂದೂ 30 ದಿನ ಎಂದೂ ಇರಬೇಕು.

180 ದಿನದವರೆಗೆ ಕೊಡುವುದು ಪ್ರವಾಸಿಗೆ. ವೀಸಾ ಮೇಲೂ 180, ಪ್ರವಾಸಿ ಮುದ್ರೆಯಲ್ಲೂ 180. ಎರಡೂ ಒಂದೇ ಅಂದುಕೊಂಡು ನಾವು ಮೋಸ ಹೋಗುತ್ತೇವೆ. ಜಾಸ್ತಿ ದಿನ ಸಿಕ್ಕಿದರೆ ಲಾಭವೇ ಅಲ್ವಾ ಅನ್ನುವುದು ನಮ್ಮ ಬುದ್ಧಿ.

ಇನ್ನು ನಮ್ಮ ದೇಶದವರೇ ಇದರಲ್ಲಿ ಹೆಚ್ಚಾಗಿ ಸಿಕ್ಕಿಬೀಳಲು ಒಂದು ಕಾರಣ ಇದೆ. ಅಮೆರಿಕದ ವೀಸಾ ಚಾಲ್ತಿಯಲ್ಲಿರುವ ಭಾರತೀಯರು ಮೆಕ್ಸಿಕೋ ವೀಸಾ ಇಲ್ಲದೆಯೇ ಪ್ರವಾಸಿಗಳಾಗಿ ಬರಬಹುದು. ಬ್ರಿಟನ್, ಕೆನಡಾ, ಜಪಾನ್, ಷೆಂಗೆನ್ ವೀಸಾ ಇದ್ದರೂ ಅಷ್ಟೇ. ಐಟಿಯವರಲ್ಲಿ ಯಾರ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇಲ್ಲ ಹೇಳಿ? ಕೌಂಟರಿನವರು ಹಾಳೆ ತಿರುವುತ್ತಾರೆ, ಅಮೆರಿಕದ ವೀಸಾ ಕಣ್ಣಿಗೆ ಬೀಳುತ್ತದೆ, ಪ್ರವಾಸಿ ಅಂತ ಧಡ್ ಎಂದು ಒತ್ತುತ್ತಾರೆ.

ನಮ್ಮ ಮನೆಯಲ್ಲಿ ಆದದ್ದು ಇದೇ. ನಮ್ಮವರು ಹಿಂದೊಮ್ಮೆ ಸಮ್ಮೇಳನಕ್ಕೆಂದು ಅಮೆರಿಕಕ್ಕೆ ಹೋಗಿದ್ದರು. ನನಗೂ ಮಕ್ಕಳಿಗೂ ಆ ವೀಸಾ ಇರಲಿಲ್ಲ. ಹಾಗಾಗಿ ನಮ್ಮ ಮೂವರಿಗೆ 30, ಅವರಿಗೆ 180. ದೇವರ ಕೆಲಸಕ್ಕೆ ಬಂದವರಿಗೆ ದೇವರು ಕೈ ಬಿಚ್ಚಿ ಕೊಟ್ಟ ಅಂತ ನಾನೇ ತಮಾಷೆ ಮಾಡಿದ್ದೆ. ಹದಿನೆಂಟು ದಿನ ಸುಮ್ನೆ ಮನೆ ಹುಡುಕಿಕೊಂಡು ಓಡಾಡಿದೆವು. ಹತ್ತೊಂಬತ್ತನೇ ದಿನ ವಲಸೆ ಕಚೇರಿಯ ಹುಡುಗಿ ಮೂರು ಪಾಸ್‌ಪೋರ್ಟ್ ತನ್ನ ಕಡೆ ಇಟ್ಟುಕೊಂಡಳು. ನಾಲ್ಕನೆಯದನ್ನು ನಮ್ಮ ಕಡೆಗೇ ತಳ್ಳಿದಳು. ಇವರು ಪ್ರವಾಸಿ ಅಂದಳು.

ವೀಸಾ ಒಂದೇ ಪ್ರವೇಶದ್ದು, ಆಗಲೇ ಖರ್ಚಾಗಿತ್ತು. ಪ್ರವಾಸಿಯಾಗಿ ಬಂದವನು ಒಳಗಿದ್ದುಕೊಂಡೇ ನಿವಾಸಿಯಾಗುವ ದಾರಿ, ಕೆಲವು ಕುಟುಂಬ ಸಂಬಂಧದ ಪ್ರಕರಣ ಬಿಟ್ಟರೆ, ಇಲ್ಲ. ಚರ್ಚು ಮತ್ತೆ ಮೊದಲಿನಿಂದ ಅನುಮತಿಗೆ ಅರ್ಜಿ ಹಾಕಿತು. ನಮ್ಮವರು ವಾಪಸ್ ದೆಹಲಿಗೆ ಹೋದರು. ಹನ್ನೊಂದು ವಾರ. ಟಿಕೆಟ್ಟು, ಶುಲ್ಕ, ದೆಹಲಿಯ ವಾಸ ಎಲ್ಲ ಸೇರಿ ಎರಡು ಲಕ್ಷ ರೂಪಾಯಿ ಕರಗಿತು. ಯಾರ ಸೇವೆಗಾಗಿ ಇಷ್ಟು ದೂರ ಬಂದೆವೋ ಅವರೇ ಇಲ್ಲ. ಅವರ ಹಿಂದೆ ಬಂದ ನಾನು ಕಾರ್ಡ್ ಹಿಡಿದುಕೊಂಡು ಇಲ್ಲಿ ಕೂತಿದ್ದೆ, ಎರಡು ಮಕ್ಕಳ ಜೊತೆ, ಹತ್ತು ಪದ ಸ್ಪ್ಯಾನಿಷ್ ಇಟ್ಟುಕೊಂಡು.

ಆದ್ದರಿಂದ ಹೀಗೆ ಮಾಡಿ. ಸಾಲಿನಲ್ಲಿ ನಿಂತಾಗಲೇ ಮೆಕ್ಸಿಕೋ ವೀಸಾ ಇರುವ ಪುಟ ತೆರೆದು ಹಿಡಿಯಿರಿ. ಅಮೆರಿಕ ವೀಸಾ ಹಳೇ ಪಾಸ್‌ಪೋರ್ಟಿನಲ್ಲಿದ್ದರೆ ಅದನ್ನು ಬ್ಯಾಗಿನಿಂದ ತೆಗೆಯಲೇಬೇಡಿ. ಪುಟದ ಮೇಲೆ ಬೆರಳಿಟ್ಟು "ಕಾನ್ಹೆ, ಪೊರ್ ಫಾವೊರ್, ತ್ರೇಂತಾ ದಿಯಾಸ್" ಅನ್ನಿ, ಅಂದರೆ ದಯವಿಟ್ಟು ಕಾನ್ಹೆ, ಮೂವತ್ತು ದಿನ. ಪ್ರವಾಸಕ್ಕೆ ಬಂದಿರಾ ಅಂತ ಕೇಳಿದರೆ ನಗುನಗುತ್ತಾ ತಲೆಯಾಡಿಸಬೇಡಿ. ನಮ್ಮ ಅರ್ಧ ಅನಾಹುತ ಆ ತಲೆಯಾಡಿಸುವುದರಿಂದಲೇ. ಮುದ್ರೆ ಬಿದ್ದ ಮೇಲೆ ಅಲ್ಲೇ ನಿಂತು ಓದಿ. ಮನೆಯವರೆಲ್ಲರದ್ದೂ ಓದಿ. ತಪ್ಪಿದ್ದರೆ ಅಲ್ಲೇ ಹೇಳಿ. ಹಿಂದಿನವರು ಗೊಣಗಿದರೆ ಗೊಣಗಲಿ. ಇನ್ನೊಂದು ಮಾತು: ಕಾರ್ಡಿಗೆ ಅರ್ಜಿ ಹಾಕಿ ಅದು ಕೈಗೆ ಬರುವ ತನಕ ಅನುಮತಿ ಇಲ್ಲದೆ ದೇಶ ಬಿಡಬೇಡಿ. ಊರಲ್ಲಿ ಮದುವೆ ಇದೆ ಅಂತ ಹಾರಿಹೋದರೆ ಮತ್ತೆ ಸೊನ್ನೆಯಿಂದ ಶುರು.

ಮೊದಲ ಕಾರ್ಡ್ ಒಂದು ವರ್ಷದ್ದು. ಆಮೇಲೆ ನವೀಕರಿಸಿಕೊಂಡು ಒಟ್ಟು ನಾಲ್ಕು ವರ್ಷ ಇರಬಹುದು, ಅದಾದ ಮೇಲೆ ಕಾಯಂ ನಿವಾಸಿ. ಅಮೆರಿಕದ ಹಸಿರು ಕಾರ್ಡಿಗೆ ನಮ್ಮ ದೇಶದವರು ಎಷ್ಟು ವರ್ಷ ಕಾಯುತ್ತಾರೆ ಅಂತ ನಿಮಗೆ ಗೊತ್ತು. ಈ ಒಂದು ವಿಷಯದಲ್ಲಿ ನಾನು ಮೆಕ್ಸಿಕೋ ಕಡೆ.

ಎರಡನೇ ತಲೆನೋವು ಹೆಸರು. ಇಲ್ಲಿ ಎಲ್ಲರಿಗೂ ಎರಡು ಮನೆತನದ ಹೆಸರು: ಮೊದಲು ಅಪ್ಪನದು, ಆಮೇಲೆ ಅಮ್ಮನದು. ಮದುವೆಯಾದರೂ ಹೆಂಗಸರು ಹೆಸರು ಬದಲಾಯಿಸುವುದಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಗಂಡನ ಮನೆ ಹೆಸರು. ಕಚೇರಿಯ ಹುಡುಗಿ ಇಬ್ಬರ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟು, ಬಹಳ ಸಂಕೋಚದಿಂದ ಕೇಳಿದಳು: "ನೀವಿಬ್ಬರೂ ಅಣ್ಣ ತಂಗಿಯಾ?" ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಜನನ ಪತ್ರದಲ್ಲಿ ನನ್ನದು ತವರಿನ ಹೆಸರು. ಅದಕ್ಕೊಂದು ವಿವರಣೆ ಪತ್ರ, ಆ ಪತ್ರಕ್ಕೊಂದು ಅನುವಾದ.

ನಮ್ಮ ಇನಿಶಿಯಲ್ ಪದ್ಧತಿಯವರ ಪಾಡು ಇನ್ನೂ ಕಷ್ಟ. ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ ಇಲ್ಲಿನ ಕಂಪ್ಯೂಟರು ಒಪ್ಪುವುದಿಲ್ಲ. ಕಾರ್ಡಿನ ಮೇಲೆ 'ಕುರ್ಪ್' ಎಂಬ 18 ಅಕ್ಷರದ ಗುರುತಿನ ಸಂಖ್ಯೆ ಬರುತ್ತದೆ, ನಮ್ಮ ಆಧಾರ್ ಇದ್ದ ಹಾಗೆ. ಅದನ್ನು ಹೆಸರಿನ ಅಕ್ಷರಗಳಿಂದಲೇ ಕಟ್ಟುತ್ತಾರೆ. ಅಮ್ಮನ ಕಡೆಯ ಹೆಸರು ಇಲ್ಲದಿದ್ದರೆ ಆ ಜಾಗಕ್ಕೆ ಎಕ್ಸ್. ಒಂದು ಕಡೆ ಹೆಸರು ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಮುರಿದರೆ ಬ್ಯಾಂಕು, ತೆರಿಗೆ, ಶಾಲೆ ಎಲ್ಲ ಕಡೆ ನೀವು ಬೇರೆ ಬೇರೆ ಮನುಷ್ಯ. ಊರು ಬಿಡುವ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ತಾಯಿಯ ಹೆಸರನ್ನೂ ಉಳಿಸುವ ಇವರ ಪದ್ಧತಿ ನಮ್ಮದಕ್ಕಿಂತ ಚೆಂದ ಅಂತ ನನಗೆ ಅನ್ನಿಸುತ್ತದೆ. ಆದರೆ ಚೆಂದ ಅಂತ ಹೇಳಿದರೆ ಕಂಪ್ಯೂಟರು ಕೇಳುತ್ತದಾ?

ಮದುವೆ ಪತ್ರ, ಜನನ ಪತ್ರಗಳಿಗೆ ಅಪೊಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಅಂತ ಹೊರದೇಶಕ್ಕಾಗಿ ಸರ್ಕಾರ ಒತ್ತುವ ಮುದ್ರೆ, ಭಾರತದಲ್ಲೇ ಆಗಬೇಕು. ಕ್ರೈಸ್ತರು ಇಲ್ಲಿ ಸ್ವಲ್ಪ ಗಮನ ಕೊಡಿ. ನಮ್ಮಲ್ಲಿ 1872ರ ಕಾಯ್ದೆಯ ಪ್ರಕಾರ ಚರ್ಚಿನಲ್ಲಿ ಆದ ಮದುವೆಯೇ ಕಾನೂನಿನ ಮದುವೆ. ಮೆಕ್ಸಿಕೋದಲ್ಲಿ 1859ರಿಂದ ಮದುವೆ ಸರ್ಕಾರದ ನೋಂದಣಿ ಕಚೇರಿಯಲ್ಲೇ ಆಗಬೇಕು. ಚರ್ಚಿನ ಮದುವೆಗೆ ಕಾನೂನಿನ ಬೆಲೆ ಇಲ್ಲ. ಹಾಗಾಗಿ ಚರ್ಚಿನ ಲೆಟರ್‌ಹೆಡ್ಡಿನ ಮದುವೆ ಪತ್ರ ತಂದರೆ ಅವರು ಅದನ್ನು ಆಶೀರ್ವಾದದ ಕಾಗದದ ಹಾಗೆ ನೋಡುತ್ತಾರೆ. ಸರ್ಕಾರಿ ಮೊಹರಿನ ಪ್ರತಿ ತನ್ನಿ.

ಸೇವೆಗೆ ಬರುವವರಿಗೆ ಮಾತ್ರ ನಾಲ್ಕು ಮಾತು. ಉಳಿದವರು ಮುಂದೆ ಹೋಗಬಹುದು. 1917ರ ಸಂವಿಧಾನ ಘೋಷಣೆಯಾದದ್ದು ನಾವಿರುವ ಈ ಕೆರೆತಾರೊ ಊರಿನ ರಂಗಮಂದಿರದಲ್ಲೇ. ಅದರ 130ನೇ ವಿಧಿ ಪಾದ್ರಿಗಳ ಕೈಕಾಲು ಕಟ್ಟಿತ್ತು. ಹುಟ್ಟಿನಿಂದ ಮೆಕ್ಸಿಕೋದವನಾದರೆ ಮಾತ್ರ ಪಾದ್ರಿ. 1926ರಿಂದ 1929ರವರೆಗೆ ಇದೇ ಜಗಳ ಯುದ್ಧವೇ ಆಯಿತು. ವಿದೇಶಿಯರಿಗೆ ಬಾಗಿಲು ತೆರೆದದ್ದು 1992ರಲ್ಲಿ. ಹಾಗಾಗಿ ನಿಮ್ಮನ್ನು ಕರೆಯುವ ಚರ್ಚು ಗೃಹ ಇಲಾಖೆಯಲ್ಲಿ ಧಾರ್ಮಿಕ ಸಂಘವಾಗಿ ನೋಂದಣಿಯಾಗಿದೆಯಾ ಅಂತ ಮೊದಲೇ ಕೇಳಿ. ನೋಂದಣಿ ಸಂಖ್ಯೆ ಕೇಳಲು ನಾಚಿಕೆ ಬೇಡ. ಮೈದಾನದಲ್ಲಿ ಸಭೆ ಇಡುವುದಾದರೆ ಕನಿಷ್ಠ 15 ದಿನ ಮುಂಚೆ ಅಧಿಕಾರಿಗಳಿಗೆ ತಿಳಿಸಬೇಕು. ರಾಜಕೀಯದ ಸುದ್ದಿಗೆ ಹೋಗಲೇಬೇಡಿ. ವಿದೇಶಿಯರಿಗೆ ದೇಶದಿಂದ ಹೊರಗೆ ಹಾಕುವ 33ನೇ ವಿಧಿ ಬೇರೆ ಕಾದಿದೆ. ಪಾಸ್ಟರ ಹೆಂಡತಿಗೆ ಇನ್ನೊಂದು ಸೂಚನೆ: ಗಂಡನ ಮೇಲೆ ಬಂದ ಕಾರ್ಡಿನಲ್ಲಿ ದುಡಿಯುವ ಅನುಮತಿ ಇರುವುದಿಲ್ಲ. ಪಕ್ಕದ ಮನೆ ಮಕ್ಕಳಿಗೆ ದುಡ್ಡು ತಗೊಂಡು ಇಂಗ್ಲಿಷ್ ಹೇಳಿಕೊಡಲೂ ಬೇರೆ ಅರ್ಜಿ ಬೇಕು.

ಕರೆಂಟ್ ಬಿಲ್ಲು ಎರಡು ತಿಂಗಳಿಗೊಮ್ಮೆ. ಸರಾಸರಿ ಬಳಕೆ ಮಿತಿ ದಾಟಿದರೆ ಸಬ್ಸಿಡಿ ಹೋಗಿ ದುಬಾರಿ ದರಕ್ಕೆ ಬೀಳುತ್ತೀರಿ. ಒಲೆಗೆ ಗ್ಯಾಸೇ ಇರಲಿ.

ಇನ್ನು ಬಾಡಿಗೆ ಮನೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಸುಸ್ತಾದವರಿಗೆ ಇಲ್ಲಿನ ಒಂದು ತಿಂಗಳ ಠೇವಣಿ ಸ್ವರ್ಗದಂತೆ ಕಾಣುತ್ತದೆ. ತಾಳಿ. ಮಾಲೀಕರು 'ಅವಾಲ್' ಕೇಳುತ್ತಾರೆ. ಅಂದರೆ ಜಾಮೀನುದಾರ. ಸಾಮಾನ್ಯವಾಗಿ ಅದೇ ಊರಲ್ಲಿ ಸ್ವಂತ ಮನೆ ಇರುವವರೇ ಆಗಬೇಕು. ನೀವು ಬಾಡಿಗೆ ಕಟ್ಟದಿದ್ದರೆ ಅವರ ತಲೆಗೆ ಬರುತ್ತದೆ. ನಿನ್ನೆ ಬಂದವರಿಗೆ ಅಂಥವರು ಎಲ್ಲಿಂದ ಸಿಗಬೇಕು? ಕಂಪನಿಯವರು ಸಾಮಾನ್ಯವಾಗಿ ಇದರ ಬದಲು ದುಡ್ಡು ಕೊಟ್ಟು 'ಪೋಲಿಸಾ ಹುರೀದಿಕಾ' ಎಂಬ ಕಾನೂನು ಖಾತರಿ ಮಾಡಿಸಿಕೊಳ್ಳುತ್ತಾರೆ. ಸಾಧ್ಯವಿದ್ದರೆ ನೀವೂ ಅದನ್ನೇ ಮಾಡಿ. ನಮ್ಮೂರ ಅಡ್ವಾನ್ಸ್ ಸುಲಿಗೆಯೇ ಸರಿ, ಆದರೆ ಅದಕ್ಕೆ ದುಡ್ಡು ಸಾಕು. ಇಲ್ಲಿಯದಕ್ಕೆ ಋಣ ಬೇಕು.

ನಮಗೆ ಜಾಮೀನು ನಿಂತವರು ಚರ್ಚಿನ ಒಬ್ಬ ಅಜ್ಜಿ. ನಮ್ಮನ್ನು ನೋಡಿ ಆಗ ಒಂದು ತಿಂಗಳೂ ಆಗಿರಲಿಲ್ಲ. ನಮ್ಮವರು ದೆಹಲಿಯಲ್ಲಿದ್ದರು. ನಾನು ಸಹಿಯ ಹಾಳೆ ಹಿಡಿದು ಅವರ ಅಡುಗೆಮನೆಯಲ್ಲಿ ನಿಂತಿದ್ದೆ. ಅವರು ಮೇಜಿನ ಮೇಲೆ ಒಂದು ತಟ್ಟೆ ಹಣ್ಣು ಇಟ್ಟರು. ನನ್ನ ಮಗಳು "ಅಮ್ಮಾ, ಚಿಕ್ಕು!" ಅಂತ ಕೂಗಿದಳು. ಅಜ್ಜಿಗೆ ಆಶ್ಚರ್ಯ. ಇಲ್ಲಿ ಅದರ ಹೆಸರು ಚಿಕೊಸಪೋತೆ. ನಮ್ಮ ಸಪೋಟ ಈ ದೇಶದ ದಕ್ಷಿಣದಿಂದ ನಮ್ಮೂರಿಗೆ ಬಂದ ಹಣ್ಣು. ಹೆಸರು ಕೂಡ ಇಲ್ಲಿನ ನಾವಾತ್ಲ್ ಭಾಷೆಯಿಂದ ಹೊರಟದ್ದು. ಹಣ್ಣು ತಿಂದು ಕೈ ಒರೆಸಿಕೊಂಡು ಅಜ್ಜಿ ಸಹಿ ಹಾಕಿದರು.

ಆವತ್ತಿನಿಂದ ಬಾಡಿಗೆ ಕಟ್ಟಿದ ದಿನವೇ ರಸೀದಿಯ ಫೋಟೊ ಅಜ್ಜಿಗೆ ಕಳಿಸುತ್ತೇನೆ. ಅವರು ಕೇಳಿಲ್ಲ. ಯಾರಾದರೂ ನಿಮಗೆ ಅವಾಲ್ ನಿಂತರೆ ನೀವೂ ಕಳಿಸಿ.