ಐ-864: ಆದಾಯ 3,787 ಡಾಲರ್ ಕಮ್ಮಿ ಬಿದ್ದಾಗ ನಾನು ಲೆಕ್ಕ ಹೊಂದಿಸಿದ್ದು

ಅಮೆರಿಕದ ಪ್ರಜೆಯೊಬ್ಬ ಊರಿನಲ್ಲಿರುವ ಹೆಂಡತಿಗೆ ವಲಸೆ ವೀಸಾ ಮಾಡಿಸಬೇಕಾದರೆ ಐ-864, ಅಂದರೆ ಅಫಿಡವಿಟ್ ಆಫ್ ಸಪೋರ್ಟ್ (ಬರುವವಳನ್ನು ಸಾಕುವ ಹೊಣೆ ನನ್ನದು ಎಂಬ ಪ್ರಮಾಣಪತ್ರ), ಸಹಿ ಮಾಡಲೇಬೇಕು. ಕೈಯಲ್ಲಿ ಬಿಡಿಗಾಸು ಆದಾಯ ಇಲ್ಲದಿದ್ದರೂ, ಬೇರೊಬ್ಬರು ಜಾಯಿಂಟ್ ಸ್ಪಾನ್ಸರ್ (ಜೊತೆ ಹೊಣೆಗಾರ) ಆಗಿ ನಿಂತರೂ, ಅರ್ಜಿ ಹಾಕಿದವನ ಫಾರ್ಮ್ ಬೇಕೇ ಬೇಕು.

ನಾನು ಮೊದಲು ಎಡವಿದ್ದು ಮನೆಯವರ ತಲೆ ಎಣಿಸುವಾಗ. ನಾನು, ಹೆಂಡತಿ, ಇಬ್ಬರು ಅಂತ ಬರೆದಿದ್ದೆ. ಆದರೆ ಹಿಂದೆ ಅಪ್ಪ-ಅಮ್ಮನ ಗ್ರೀನ್ ಕಾರ್ಡಿಗೂ ಇದೇ ಫಾರ್ಮಿಗೆ ಸಹಿ ಹಾಕಿದ್ದೆನಲ್ಲ, ಆ ಹೊಣೆ ಇನ್ನೂ ತೀರಿಲ್ಲ. ಅವರು ಬೇರೆ ಮನೆಯಲ್ಲಿದ್ದರೂ ಎಣಿಕೆಗೆ ಬರುತ್ತಾರೆ. ಹಾಗಾಗಿ ನಾಲ್ವರು. ಕೆಲವರು ಇದಕ್ಕೆ ತಿರುಗಾಮುರುಗಾ ತಪ್ಪು ಮಾಡುತ್ತಾರೆ: ಹೆಂಡತಿಯನ್ನು ವಲಸೆ ಬರುವವಳು ಎಂಬ ಸಾಲಿನಲ್ಲೊಮ್ಮೆ, ಸಂಗಾತಿಯ ಸಾಲಿನಲ್ಲೊಮ್ಮೆ ಎಣಿಸಿ ಸುಮ್ಮನೆ ಮಿತಿ ಏರಿಸಿಕೊಳ್ಳುತ್ತಾರೆ. ಒಬ್ಬರಿಗೆ ಒಂದೇ ಸಾಲು.

ಬೇಕಾದ ಆದಾಯ ಸರ್ಕಾರದ ಬಡತನ ಮಿತಿಯ ಶೇ. 125. 2025ರ ಪಟ್ಟಿಯಲ್ಲಿ ಇಬ್ಬರ ಮಿತಿ 21,150 ಡಾಲರ್, ನಾಲ್ವರದು 32,150. ಅಂದರೆ ಇಬ್ಬರಿಗೆ 26,437, ನಾಲ್ವರಿಗೆ 40,187 ತೋರಿಸಬೇಕಿತ್ತು. ಅಲಾಸ್ಕ, ಹವಾಯಿಯಲ್ಲಿ ಇನ್ನೂ ಹೆಚ್ಚು. ಸೇನೆಯ ಸಕ್ರಿಯ ಸೇವೆಯಲ್ಲಿರುವವರು ಹೆಂಡತಿ ಅಥವಾ ಮಕ್ಕಳಿಗೆ ಸ್ಪಾನ್ಸರ್ ಆದರೆ ಶೇ. 100 ಸಾಕು. ಪಟ್ಟಿ ಪ್ರತಿವರ್ಷ ಬದಲಾಗುತ್ತದೆ, ಕಳಿಸುವ ಹೊತ್ತಿಗೆ ಯಾವುದು ಜಾರಿಯಲ್ಲಿದೆ ನೋಡಿಕೊಳ್ಳಿ.

ನನ್ನ ಸಂಬಳ ವರ್ಷಕ್ಕೆ 36,400. ಕೊರತೆ 3,787.

ದಾರಿ ಎರಡಿದ್ದವು. ಗೆಳೆಯನೊಬ್ಬನನ್ನು ಜಾಯಿಂಟ್ ಸ್ಪಾನ್ಸರ್ ಮಾಡುವುದು ಒಂದು. ಸಂಬಂಧಿಕನೇ ಆಗಬೇಕಿಲ್ಲ, ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವನಾಗಿ, 18 ತುಂಬಿ, ಅಮೆರಿಕದಲ್ಲೇ ನೆಲೆಸಿರಬೇಕು. ಆದರೆ ನನ್ನ ಕೊರತೆಯನ್ನಷ್ಟೇ ಅವನು ತುಂಬುವ ಹಾಗಿಲ್ಲ. ಅವನ ಮನೆಯವರ ಜೊತೆ ನನ್ನ ಹೆಂಡತಿಯನ್ನೂ ಸೇರಿಸಿ, ಪೂರ್ತಿ ಶೇ. 125 ಅವನೊಬ್ಬನೇ ದಾಟಬೇಕು. ಅವಳು ಪ್ರಜೆಯಾಗುವ ತನಕ, ಇಲ್ಲವೇ 40 ಕ್ವಾರ್ಟರ್ (ಸುಮಾರು ಹತ್ತು ವರ್ಷದ) ದುಡಿಮೆ ಲೆಕ್ಕಕ್ಕೆ ಸೇರುವ ತನಕ ಸಾಮಾನ್ಯವಾಗಿ ಅವನ ಹೊಣೆ ಇಳಿಯದು. ವಿಚ್ಛೇದನವಾದರೂ ಇಳಿಯದು. ಗೆಳೆತನದ ಮೇಲೆ ಇಷ್ಟು ಭಾರ ಹೇರಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ದಾರಿ ಆಸ್ತಿ. ಪ್ರಜೆಯ ಸಂಗಾತಿಗೆ ಕೊರತೆಯ ಮೂರು ಪಟ್ಟು ತೋರಿಸಿದರೆ ಸಾಕು. ಗ್ರೀನ್ ಕಾರ್ಡಿನವರು ಕರೆಸಿಕೊಳ್ಳುವಾಗ ಐದು ಪಟ್ಟು. ನನಗೆ 3,787 × 3 = 11,361 ಡಾಲರ್. ವಲಸೆ ಬರುವವರ ಆಸ್ತಿಯೂ ನಡೆಯುತ್ತದೆ, ಅದಕ್ಕೆ ಐ-864ರಲ್ಲೇ ಪ್ರತ್ಯೇಕ ಸಾಲುಗಳಿವೆ. ಹೆಂಡತಿಯ ಹೆಸರಲ್ಲಿ ಊರಿನ ಬ್ಯಾಂಕಿನಲ್ಲಿ 12 ಲಕ್ಷದ ಎಫ್‌ಡಿ ಇತ್ತು. ಡಾಲರಿಗೆ 85 ರೂಪಾಯಿಯಂತೆ ಸುಮಾರು 14,100. ಅವಳ ಬೆಂಗಳೂರಿನ ಸಂಬಳ ಮಾತ್ರ ಲೆಕ್ಕಕ್ಕಿಲ್ಲ, ಏಕೆಂದರೆ ಇಲ್ಲಿಗೆ ಬಂದ ಮೇಲೂ ಅದೇ ಮೂಲದಿಂದ ಮುಂದುವರಿಯುವ ಆದಾಯವಷ್ಟೇ ಸಲ್ಲುತ್ತದೆ.

ಎಫ್‌ಡಿಗೆ ನಾನು ಜೋಡಿಸಿದ್ದು: ಠೇವಣಿ ರಸೀದಿ, 12 ತಿಂಗಳ ಸ್ಟೇಟ್‌ಮೆಂಟ್, ಬ್ಯಾಂಕ್ ಮ್ಯಾನೇಜರ್ ಸಹಿ ಮಾಡಿದ ಪತ್ರ. ಪತ್ರದಲ್ಲಿ ಖಾತೆ ತೆರೆದ ದಿನ, ಇಂದಿನ ಮೊತ್ತ, ಅವಧಿಗೆ ಮೊದಲೇ ಮುರಿಸಬಹುದು ಎಂಬ ಸಾಲು, ಮೂರೂ ಇರಲಿ. ಮುರಿಸಬಹುದೆಂಬ ಸಾಲನ್ನು ಕೇಳಿ ಬರೆಸಿಕೊಳ್ಳಬೇಕಾಯಿತು. ಆಸ್ತಿ 12 ತಿಂಗಳೊಳಗೆ ನಗದಾಗಬೇಕು ಎಂಬ ನಿಯಮಕ್ಕೆ ಅದೇ ಉತ್ತರ. ಹಣ ದೇಶದಿಂದ ಹೊರಗೆ ತರಬಹುದೇ ಎಂಬುದಕ್ಕೆ ಉತ್ತರ: ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆ ಎಲ್‌ಆರ್‌ಎಸ್ ವರ್ಷಕ್ಕೆ 2,50,000 ಡಾಲರ್ ತನಕ ಬಿಡುತ್ತದೆ. ವೀಸಾಕ್ಕೆಂದೇ ಕಳೆದ ತಿಂಗಳು ಖಾತೆಗೆ ಬಂದು ಬಿದ್ದ ದೊಡ್ಡ ಮೊತ್ತ ಅನುಮಾನಕ್ಕೆ ದಾರಿ.

ಊರ ಸೈಟು ತೋರಿಸುವವರು ಕ್ರಯಪತ್ರ, ಖಾತಾ, ಹೊಸ ಇ.ಸಿ., ಮೌಲ್ಯಮಾಪಕರ ವರದಿ ಇಡಬೇಕು. ಮೇಲಿರುವ ಸಾಲವನ್ನು ಕಳೆದು ಉಳಿದದ್ದಷ್ಟೇ ಬೆಲೆ. ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು, ಕೊನೆಯಲ್ಲಿ ತನಗೆ ಎರಡೂ ಭಾಷೆ ಬರುತ್ತದೆಂದು ಅನುವಾದಕನ ಸಹಿ ಇರುವ ಹೇಳಿಕೆ. ಎಫ್‌ಡಿ ಇದ್ದರೆ ಸೈಟಿನ ಗೋಜಿಗೆ ಹೋಗಬೇಡಿ.

ಐ-864ರ ತೆರಿಗೆ ಸಾಲಿನಲ್ಲಿ ಒಟ್ಟು ಆದಾಯ ಬರೆಯಬೇಕು. ಈಚಿನ 1040ರಲ್ಲಿ, ಅಂದರೆ ಅಮೆರಿಕದ ಆದಾಯ ತೆರಿಗೆ ರಿಟರ್ನ್ ಫಾರ್ಮಿನಲ್ಲಿ, ಅದು 9ನೇ ಸಾಲು. ಅದರ ಕೆಳಗೆ, ಕೆಲವು ಕಡಿತ ಕಳೆದ ಮೇಲಿನ 11ನೇ ಸಾಲಿನ ಅಂಕಿ ಬರೆದು ಆದಾಯ ಕಡಿಮೆ ಮಾಡಿಕೊಂಡವರಿದ್ದಾರೆ. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕೊಡುವ ಟ್ರಾನ್ಸ್‌ಕ್ರಿಪ್ಟ್, ಅಂದರೆ ರಿಟರ್ನಿನ ಸಾರಾಂಶ, ಉಚಿತವಾಗಿ ಇಳಿಸಿಕೊಳ್ಳಬಹುದು, 1040ರ ಪ್ರತಿಗಿಂತ ಅದೇ ವಾಸಿ. 1040 ಕೊಟ್ಟರೆ ಎಲ್ಲ ಶೆಡ್ಯೂಲ್ (ಅನುಬಂಧ), ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ) ಲಗತ್ತಿಸಬೇಕು, ಒಂದು ಹಾಳೆ ತಪ್ಪಿದರೂ ಎನ್‌ವಿಸಿ (ವೀಸಾ ಕಾಗದ ಪರಿಶೀಲಿಸುವ ನ್ಯಾಷನಲ್ ವೀಸಾ ಸೆಂಟರ್) ಮತ್ತೆ ಕೇಳುತ್ತದೆ. ಕೆಲಸ ಬದಲಾಯಿಸಿ ಸಂಬಳ ಏರಿದವರು ಹೆದರಬೇಕಿಲ್ಲ: ಮುಖ್ಯವಾಗುವುದು ಈಗಿನ ಆದಾಯ. ಕಂಪನಿಯ ಪತ್ರ, ಆರು ತಿಂಗಳ ಪೇ ಸ್ಟಬ್ (ಸಂಬಳದ ಚೀಟಿ) ಇಡಿ.

ಐ-864ಇಝಡ್ ಎಂಬ ಚಿಕ್ಕ ಫಾರ್ಮ್ ನೋಡಿ ಆಸೆಪಡಬೇಡಿ. ಒಬ್ಬರೇ ವಲಸೆ ಬರುವಾಗ, ಆದಾಯ ಪೂರ್ತಿ ಸಂಬಳ ಅಥವಾ ಪಿಂಚಣಿಯಾದಾಗ ಮಾತ್ರ ಅದು. ಆಸ್ತಿ ಸೇರಿಸಿದರೆ ನಡೆಯದು.

ಎನ್‌ವಿಸಿಗೆ ಇದರ ಶುಲ್ಕ 120 ಡಾಲರ್, ಒಂದೇ ಸಲ. ಫಾರ್ಮಿನ ಎಲ್ಲ ಪುಟದ ಕೆಳಗೂ ಒಂದೇ ಆವೃತ್ತಿಯ ದಿನಾಂಕವಿದೆಯೇ ನೋಡಿ, ಸಹಿಯ ಪುಟವನ್ನು ಹಳೆಯದರಿಂದ ಎತ್ತಿ ಸೇರಿಸಬೇಡಿ. ಮುಂಬೈ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿ ಬಂದರೆ ಹೊಸ ಪೇ ಸ್ಟಬ್, ಹೊಸ ಟ್ರಾನ್ಸ್‌ಕ್ರಿಪ್ಟ್, ಬ್ಯಾಂಕಿನ ಹೊಸ ಪತ್ರ ಹೆಂಡತಿಯ ಕೈಯಲ್ಲಿ ಇರಲಿ. ಹಳೆಯ ಕಾಗದ ಸಾಲದು ಎನಿಸಿದರೆ ಅಧಿಕಾರಿ ವೀಸಾ ತಡೆಹಿಡಿದು 221(ಜಿ) ಎಂಬ ಚೀಟಿ ಕೊಟ್ಟು ಅದನ್ನೇ ಕೇಳುತ್ತಾರೆ.