ಎಲ್ಲರೂ ‘ಅಡ್ಮಿನ್’ ಆದರೆ ಹೇಗೆ? ಫೈರ್‌ವಾಲ್‌ನಲ್ಲಿ ಯಾರಿಗೆ ಎಷ್ಟು ಅಧಿಕಾರ

ಸಣ್ಣ ಕಾಲೇಜು, ಪತ್ತಿನ ಸಹಕಾರ ಸಂಘ, ಆಡಿಟರ್ ಆಫೀಸು, ಎಲ್ಲಿ ಬೇಕಾದರೂ ಕೇಳಿ ನೋಡಿ. ಹೊರಗಿನ ಇಂಟರ್ನೆಟ್‌ಗೂ ಒಳಗಿನ ನೆಟ್‌ವರ್ಕ್‌ಗೂ ನಡುವೆ ನಿಂತು ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಅಂತ ನೋಡಿಕೊಳ್ಳುವ ಕಾವಲುಗಾರನೇ ಫೈರ್‌ವಾಲ್. ‘ನಿಮ್ಮ ಫೈರ್‌ವಾಲ್‌ಗೆ ಲಾಗಿನ್ ಆಗುವವರು ಯಾರು?’ ಅಂದರೆ ‘ಅಡ್ಮಿನ್ ಪಾಸ್‌ವರ್ಡ್ ಇದೆಯಲ್ಲ ಸಾರ್, ಎಲ್ಲರೂ ಅದನ್ನೇ ಬಳಸುತ್ತೇವೆ’ ಅನ್ನುವ ಉತ್ತರವೇ ಜಾಸ್ತಿ. ಲ್ಯಾಬ್ ನೋಡಿಕೊಳ್ಳುವವರಿಗೆ ಅದು ಗೊತ್ತು. ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ಕಂಪನಿಯ ಹುಡುಗನಿಗೆ ಗೊತ್ತು. ಕೆಲಸ ಬಿಟ್ಟು ಹೋದವರಿಗೂ ಗೊತ್ತು! ಒಂದು ಬೆಳಿಗ್ಗೆ ಬಂದು ನೋಡಿದರೆ ಆಫೀಸಿನ ಪ್ರಿಂಟರ್‌ಗೆ ಹೋಗುವ ದಾರಿ ಬಂದ್. ಯಾರು ಬದಲಾಯಿಸಿದ್ದು ಅಂತ ಹುಡುಕಿದರೆ ದಾಖಲೆಯಲ್ಲಿ ಬರೀ ‘ಅಡ್ಮಿನ್’ ಅಂತ ಇರುತ್ತದೆ.

ಒಬ್ಬೊಬ್ಬರಿಗೂ ಅವರದೇ ಹೆಸರಿನ ಖಾತೆ ಮಾಡಿ, ಅವರ ಕೆಲಸಕ್ಕೆ ಬೇಕಾದಷ್ಟೇ ಫೈರ್‌ವಾಲ್ ಪುಟಗಳನ್ನು ತೆರೆದುಕೊಟ್ಟರೆ ಈ ತಲೆನೋವು ಬಹುಪಾಲು ತಪ್ಪುತ್ತದೆ. ಅದನ್ನು ಮಾಡುವ ಬಗೆ ತೋರಿಸಲು ಇಲ್ಲಿ ಪಿಎಫ್‌ಸೆನ್ಸ್ ಎಂಬ ಫೈರ್‌ವಾಲ್ ಸಾಫ್ಟ್‌ವೇರನ್ನು ತೆಗೆದುಕೊಂಡಿದ್ದೇನೆ. ಇದರ ಕಮ್ಯುನಿಟಿ ಆವೃತ್ತಿಗೆ ದುಡ್ಡು ಕೊಡಬೇಕಿಲ್ಲ, ಎರಡು ನೆಟ್‌ವರ್ಕ್ ಕಾರ್ಡ್ ಇರುವ ಹಳೆಯ ಕಂಪ್ಯೂಟರ್ ಇದ್ದರೂ ನಡೆಯುತ್ತದೆ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಕಟ್ಟಿರುವ ಇದು 2004ರಲ್ಲಿ ಎಂ0ಎನ್0ವಾಲ್ ಎಂಬ ಯೋಜನೆಯಿಂದ ಕವಲೊಡೆದು ಬಂತು. 2015ರಲ್ಲಿ ಇದರಿಂದಲೇ ಓಪಿಎನ್‌ಸೆನ್ಸ್ ಎಂಬ ಇನ್ನೊಂದು ಫೈರ್‌ವಾಲ್ ಬೇರೆಯಾಯಿತು. ನಿಮ್ಮಲ್ಲಿ ಬೇರೆ ಕಂಪನಿಯ ಫೈರ್‌ವಾಲ್ ಇದ್ದರೆ ಮೆನುಗಳ ಹೆಸರು ಬೇರೆ ಇರುತ್ತದೆ, ಕೆಲಸ ಹೆಚ್ಚುಕಡಿಮೆ ಇದೇ.

ಮೊದಲು ಒಂದು ಹಾಳೆ, ಒಂದು ಪೆನ್ನು

ಲಾಗಿನ್ ಆಗುವ ಮೊದಲು ಯಾರಿಗೆ ಏನು ಬೇಕು ಅಂತ ಬರೆದುಕೊಳ್ಳಿ. ಒಂದು ಪದವಿ ಕಾಲೇಜು ಎಂದಿಟ್ಟುಕೊಳ್ಳೋಣ. ಲ್ಯಾಬ್ ಇನ್‌ಸ್ಟ್ರಕ್ಟರ್‌ಗೆ ಯಾವ ಕಂಪ್ಯೂಟರ್‌ಗೆ ಯಾವ ಐಪಿ (ನೆಟ್‌ವರ್ಕ್ ವಿಳಾಸ) ಹೋಗಿದೆ, ಲೈನ್ ಇದೆಯೋ ಇಲ್ಲವೋ ಅಂತ ನೋಡಿದರೆ ಸಾಕು. ಎಎಂಸಿಯವರು ರೂಲ್ (ಯಾವುದನ್ನು ಬಿಡು, ಯಾವುದನ್ನು ತಡೆ ಅನ್ನುವ ನಿಯಮ) ಬದಲಾಯಿಸಬೇಕಾಗುತ್ತದೆ, ಆದರೆ ಅವರಿಗೆ ಹೊಸ ಬಳಕೆದಾರರನ್ನು ಸೇರಿಸುವ ಅಧಿಕಾರ ಬೇಡ. ಪ್ರಿನ್ಸಿಪಾಲರಿಗೆ ಇಂಟರ್ನೆಟ್ ಎಷ್ಟು ಖರ್ಚಾಗುತ್ತಿದೆ ಅನ್ನುವ ಗ್ರಾಫ್ ಕಂಡರೆ ಆಯಿತು. ಅಕೌಂಟೆಂಟ್‌ಗೆ ಫೈರ್‌ವಾಲ್‌ನ ಪುಟಗಳೇ ಬೇಡ, ಮನೆಯಿಂದ ಟ್ಯಾಲಿ ಇರುವ ಕಂಪ್ಯೂಟರ್ ಸಿಗಬೇಕು, ಅಷ್ಟೇ.

ಹಾಳೆಯಲ್ಲಿ ಮನುಷ್ಯರ ಹೆಸರಿಗಿಂತ ಕೆಲಸದ ಹೆಸರು ಮೊದಲು ಬರೆಯಿರಿ. ಇನ್‌ಸ್ಟ್ರಕ್ಟರ್ ಬದಲಾಗುತ್ತಾರೆ, ಆ ಕೆಲಸ ಬದಲಾಗುವುದಿಲ್ಲ. ಅಧಿಕಾರವನ್ನು ಕೆಲಸದ ಗುಂಪಿಗೆ ಕೊಟ್ಟು, ಆ ಗುಂಪಿಗೆ ಜನರನ್ನು ಸೇರಿಸಬೇಕು. ಪಿಎಫ್‌ಸೆನ್ಸ್‌ನಲ್ಲಿ ನೇರವಾಗಿ ಒಬ್ಬ ವ್ಯಕ್ತಿಗೇ ಅಧಿಕಾರ ಕೊಡಲೂ ಬರುತ್ತದೆ. ಕೊಡಬೇಡಿ. ಎರಡು ವರ್ಷ ಕಳೆದ ಮೇಲೆ ಯಾರಿಗೆ ಏನು ಕೊಟ್ಟಿದ್ದೆವು ಅಂತ ಒಬ್ಬೊಬ್ಬರ ಖಾತೆ ತೆರೆದು ನೋಡುತ್ತಾ ಕೂರಬೇಕಾಗುತ್ತದೆ.

ಬ್ಯಾಕಪ್

‘ಡಯಾಗ್ನಾಸ್ಟಿಕ್ಸ್’ ಮೆನುವಿನಲ್ಲಿ ‘ಬ್ಯಾಕಪ್ ಆಂಡ್ ರಿಸ್ಟೋರ್’ ತೆರೆದು ಈಗಿರುವ ಸೆಟ್ಟಿಂಗ್ ಇಳಿಸಿಕೊಳ್ಳಿ. ಒಂದು ಎಕ್ಸ್‌ಎಂಎಲ್ ಫೈಲ್ ಬರುತ್ತದೆ. ಅದರಲ್ಲಿ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಬರುವ ಸುರಕ್ಷಿತ ದಾರಿ) ಕೀಗಳಿಂದ ಹಿಡಿದು ಬಹುತೇಕ ಎಲ್ಲವೂ ಇರುವುದರಿಂದ, ಎನ್‌ಕ್ರಿಪ್ಟ್ ಮಾಡುವ ಟಿಕ್ ಹಾಕಿ ಪಾಸ್‌ವರ್ಡ್ ಕೊಟ್ಟೇ ಇಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸಬೇಡಿ.

ಗ್ರೂಪ್ ಮಾಡುವುದು

‘ಸಿಸ್ಟಮ್’ ಮೆನುವಿನಲ್ಲಿ ‘ಯೂಸರ್ ಮ್ಯಾನೇಜರ್’ ಒತ್ತಿ, ‘ಗ್ರೂಪ್ಸ್’ ಟ್ಯಾಬ್‌ಗೆ ಹೋಗಿ. ಅಲ್ಲಿ ಆಗಲೇ ‘ಆಲ್’ ಮತ್ತು ‘ಅಡ್ಮಿನ್ಸ್’ ಅಂತ ಎರಡು ಗ್ರೂಪ್ ಇರುತ್ತವೆ. ಅವನ್ನು ಮುಟ್ಟಬೇಡಿ. ‘ಆಡ್’ ಒತ್ತಿ ಹೊಸ ಗ್ರೂಪಿಗೆ ಹೆಸರು ಕೊಡಿ, ‘ಲ್ಯಾಬ್‌ವ್ಯೂ’ ಅಂತ ಇರಲಿ. ಹೆಸರಿನಲ್ಲಿ ಸ್ಪೇಸ್ ಇರುವಂತಿಲ್ಲ, 16 ಅಕ್ಷರ ದಾಟುವಂತಿಲ್ಲ. ‘ಸ್ಕೋಪ್’ ಎಂಬಲ್ಲಿ ‘ಲೋಕಲ್’ ಇಡಿ. ‘ರಿಮೋಟ್’ ಎಂಬುದು ಬಳಕೆದಾರರ ಪಟ್ಟಿಯನ್ನು ಬೇರೆ ಕಡೆ, ಎಲ್‌ಡ್ಯಾಪ್ ಅಥವಾ ರೇಡಿಯಸ್ ಸರ್ವರ್‌ನಲ್ಲಿ ಇಟ್ಟು ಅಲ್ಲಿಂದ ತರುವವರಿಗೆ.

ಇಲ್ಲೊಂದು ಕಡೆ ಹೊಸಬರು ತಬ್ಬಿಬ್ಬಾಗುತ್ತಾರೆ. ಗ್ರೂಪ್ ಮಾಡುವ ಪುಟದಲ್ಲಿ ಅಧಿಕಾರ ಕೊಡುವ ಜಾಗವೇ ಕಾಣುವುದಿಲ್ಲ! ಮೊದಲು ಸೇವ್ ಮಾಡಬೇಕು. ಆಮೇಲೆ ಅದೇ ಗ್ರೂಪಿನ ಪಕ್ಕದ ಪೆನ್ಸಿಲ್ ಗುರುತು ಒತ್ತಿ ಮತ್ತೆ ತೆರೆದರೆ ಕೆಳಗೆ ‘ಅಸೈನ್ಡ್ ಪ್ರಿವಿಲೇಜಸ್’ ಬರುತ್ತದೆ. ಅಲ್ಲಿ ‘ಆಡ್’ ಒತ್ತಿ.

ಈಗ ತೆರೆದುಕೊಳ್ಳುವ ಪಟ್ಟಿ ಉದ್ದ ಇದೆ. ಫೈರ್‌ವಾಲ್‌ನ ಹೆಚ್ಚುಕಡಿಮೆ ಪ್ರತಿ ಪುಟಕ್ಕೂ ಒಂದೊಂದು ಸಾಲು. ಸಾಲು ‘ವೆಬ್‌ಸಿಎಫ್‌ಜಿ’ ಅಂತ ಶುರುವಾದರೆ ಅದು ಒಂದು ಪುಟ ತೆರೆಯುವ ಅನುಮತಿ. ‘ಯೂಸರ್’ ಅಂತ ಶುರುವಾದರೆ ಅದು ಪುಟಕ್ಕೆ ಸಂಬಂಧಿಸಿದ್ದಲ್ಲ, ವಿಪಿಎನ್ ಲಾಗಿನ್, ವೈಫೈ ಲಾಗಿನ್, ಶೆಲ್ (ಕಮಾಂಡ್ ಟೈಪ್ ಮಾಡುವ) ಖಾತೆ ಮುಂತಾದ ಬೇರೆ ಅನುಮತಿ. ಕೆಳಗಿನ ಫಿಲ್ಟರ್ ಡಬ್ಬಿಯಲ್ಲಿ ಎರಡಕ್ಷರ ಟೈಪ್ ಮಾಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಕಂಟ್ರೋಲ್ ಕೀ ಒತ್ತಿಕೊಂಡು ಒಂದಕ್ಕಿಂತ ಹೆಚ್ಚು ಸಾಲು ಆರಿಸಬಹುದು.

ಲ್ಯಾಬ್‌ವ್ಯೂ ಗ್ರೂಪಿಗೆ ಡ್ಯಾಶ್‌ಬೋರ್ಡ್, ‘ಸ್ಟೇಟಸ್’ ಸಾಲುಗಳಲ್ಲಿ ಡಿಎಚ್‌ಸಿಪಿ ಲೀಸಸ್ (ಯಾರಿಗೆ ಯಾವ ಐಪಿ), ಗೇಟ್‌ವೇಸ್ (ಲೈನ್ ಇದೆಯೋ ಇಲ್ಲವೋ), ಫೈರ್‌ವಾಲ್ ಲಾಗ್ (ನಡೆದದ್ದರ ದಾಖಲೆ) ಕೊಡಿ. ಜೊತೆಗೆ ‘ಯೂಸರ್ ಪಾಸ್‌ವರ್ಡ್ ಮ್ಯಾನೇಜರ್’ ಕೊಟ್ಟರೆ ಅವರ ಪಾಸ್‌ವರ್ಡನ್ನು ಅವರೇ ಬದಲಾಯಿಸಿಕೊಳ್ಳುತ್ತಾರೆ. ಇದು ಬೇಕೇ ಬೇಕು. ನೀವು ಹಾಕಿಕೊಟ್ಟ ಪಾಸ್‌ವರ್ಡ್ ನಿಮಗೂ ಗೊತ್ತಿದ್ದರೆ ಖಾತೆ ಬೇರೆ ಮಾಡಿ ಏನು ಬಂತು, ಅಲ್ವಾ?

‘ಸುಮ್ನೆ ನೋಡೋಕೆ’ ಅಂತ ಕೊಡುವ ಪುಟಗಳು

ಫೈರ್‌ವಾಲ್ ರೂಲ್ಸ್ ಪುಟವನ್ನೂ ನೋಡಬೇಕು ಅಂತ ಇನ್‌ಸ್ಟ್ರಕ್ಟರ್ ಕೇಳಿದರು ಅನ್ನಿ. ಪಟ್ಟಿಯಲ್ಲಿ ‘ರೂಲ್ಸ್’ ಬೇರೆ, ‘ರೂಲ್ಸ್ ಎಡಿಟ್’ ಬೇರೆ ಇದೆ. ಎಡಿಟ್ ಕೊಡದಿದ್ದರೆ ನೋಡುವುದಷ್ಟೇ ಸಾಧ್ಯ ಅನ್ನಿಸುತ್ತದೆ. ಹಾಗಿಲ್ಲ. ಎಡಿಟ್ ಇಲ್ಲದಿದ್ದರೂ ರೂಲ್ಸ್ ಪುಟದಲ್ಲೇ ಒಂದು ರೂಲನ್ನು ಆಫ್ ಮಾಡಬಹುದು, ಅಳಿಸಲೂಬಹುದು. ನಿಜಕ್ಕೂ ನೋಡಲು ಮಾತ್ರ ಅಂತಾದರೆ ‘ಡಿನೈ ಕಾನ್ಫಿಗ್ ರೈಟ್’ ಅನ್ನುವ ಸಾಲನ್ನೂ ಆ ಗ್ರೂಪಿಗೆ ಸೇರಿಸಿ. ಹೆಸರೇ ಹೇಳುವಂತೆ ಇದು ಕೊಡುವ ಅನುಮತಿಯಲ್ಲ, ಕಿತ್ತುಕೊಳ್ಳುವ ಅನುಮತಿ. ಇದಿದ್ದವರು ಸೆಟ್ಟಿಂಗ್ ಯಾವುದನ್ನೂ ಸೇವ್ ಮಾಡಲಾರರು. ಅಪ್ಪಿತಪ್ಪಿಯೂ ಅಡ್ಮಿನ್ಸ್ ಗ್ರೂಪಿಗೆ ಇದನ್ನು ಹಾಕಬೇಡಿ. ಇದಕ್ಕೂ ಮಿತಿ ಇದೆ. ಸೇವ್ ಮಾಡುವ ಅಗತ್ಯವೇ ಇಲ್ಲದ ಕೆಲಸಗಳನ್ನು ಇದು ತಡೆಯುವುದಿಲ್ಲ. ರೀಬೂಟ್ ಪುಟ ಕೊಟ್ಟಿದ್ದರೆ ಅವರು ರೀಬೂಟ್ ಮಾಡಿಯೇ ಮಾಡುತ್ತಾರೆ.

ಇನ್ನು ಎಎಂಸಿಯವರ ಗ್ರೂಪು. ಇವರಿಗೆ ರೂಲ್ಸ್, ರೂಲ್ಸ್ ಎಡಿಟ್, ಅಲಿಯಾಸಸ್ (ವಿಳಾಸಗಳಿಗೆ ಇಟ್ಟ ಹೆಸರುಗಳು), ಅಲಿಯಾಸ್ ಎಡಿಟ್, ಲಾಗ್‌ಗಳು, ಪಿಂಗ್ (ಸಂಪರ್ಕ ಪರೀಕ್ಷೆ) ಬೇಕು. ಅವರೇ ಫೋನ್ ಮಾಡಿ ‘ಕಮಾಂಡ್ ಪ್ರಾಂಪ್ಟ್ ಒಂದು ಕೊಟ್ಟುಬಿಡಿ ಸಾರ್, ಚೆಕ್ ಮಾಡೋಕೆ ಸುಲಭ’ ಅನ್ನುತ್ತಾರೆ. ಇಲ್ಲಿ ಗಟ್ಟಿಯಾಗಿ ಇಲ್ಲ ಅನ್ನಬೇಕು. ಡಯಾಗ್ನಾಸ್ಟಿಕ್ಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೈಪ್ ಮಾಡಿದ್ದು ರೂಟ್ ಅಧಿಕಾರದಲ್ಲಿ, ಅಂದರೆ ಸಿಸ್ಟಮ್‌ನ ಪೂರ್ಣ ಅಧಿಕಾರದಲ್ಲಿ ನಡೆಯುತ್ತದೆ. ‘ಎಡಿಟ್ ಫೈಲ್’ ಕೊಟ್ಟರೆ ಸಿಸ್ಟಮ್‌ನ ಯಾವ ಫೈಲನ್ನಾದರೂ ತಿದ್ದಬಹುದು. ‘ಬ್ಯಾಕಪ್ ಆಂಡ್ ರಿಸ್ಟೋರ್’ ಪಾಪದ ಪುಟದ ಹಾಗೆ ಕಾಣುತ್ತದೆ. ಅದು ಇದ್ದವರು ಸೆಟ್ಟಿಂಗ್ ಫೈಲ್ ಇಳಿಸಿಕೊಂಡು, ನೋಟ್‌ಪ್ಯಾಡ್‌ನಲ್ಲಿ ತಮ್ಮ ಖಾತೆಯನ್ನು ಅಡ್ಮಿನ್ಸ್‌ಗೆ ಸೇರಿಸಿಕೊಂಡು, ವಾಪಸ್ ಏರಿಸಿದರೆ ಮುಗಿಯಿತು. ‘ಯೂಸರ್ ಮ್ಯಾನೇಜರ್’ ಇದ್ದವರಿಗೆ ಅಷ್ಟು ಸುತ್ತು ಬಳಸುವ ಕಷ್ಟವೂ ಇಲ್ಲ. ಇಂತಹ ಸಾಲುಗಳು ಯಾವುವು ಅಂತ ಪಿಎಫ್‌ಸೆನ್ಸ್ ತಾನೇ ಅದೇ ಪುಟದಲ್ಲಿ ಪಟ್ಟಿ ಮಾಡಿ ಎಚ್ಚರಿಸುತ್ತದೆ. ನಾವು ಓದದೆ ಸೇವ್ ಒತ್ತುತ್ತೇವೆ, ಅಷ್ಟೇ. ನನ್ನ ಕೇಳಿದರೆ, ಅವುಗಳಲ್ಲಿ ಒಂದನ್ನೂ ಹೊರಗಿನವರಿಗೆ ಕೊಡಬಾರದು. ತೀರಾ ಬೇಕಾದ ದಿನ ನೀವು ಪಕ್ಕದಲ್ಲಿ ಕೂತು, ನಿಮ್ಮ ಖಾತೆಯಲ್ಲಿ ಮಾಡಿಸಿ.

ಖಾತೆ ತೆರೆಯುವುದು

‘ಯೂಸರ್ಸ್’ ಟ್ಯಾಬ್‌ನಲ್ಲಿ ‘ಆಡ್’ ಒತ್ತಿ. ಯೂಸರ್‌ನೇಮ್, ಪಾಸ್‌ವರ್ಡ್, ಪೂರ್ತಿ ಹೆಸರು ತುಂಬಿ. ‘ಗ್ರೂಪ್ ಮೆಂಬರ್‌ಶಿಪ್’ ಎಂಬಲ್ಲಿ ಎಡಗಡೆಯ ಗ್ರೂಪನ್ನು ಬಲಗಡೆಯ ‘ಮೆಂಬರ್ ಆಫ್’ ಡಬ್ಬಿಗೆ ಸರಿಸಿ. ಎಎಂಸಿ ಖಾತೆಗೆ ‘ಎಕ್ಸ್‌ಪಿರೇಶನ್ ಡೇಟ್’ ಹಾಕುವುದನ್ನು ಮರೆಯಬೇಡಿ. ಕರಾರು ಮುಗಿಯುವ ದಿನವೇ ಖಾತೆಯೂ ಮುಗಿಯಲಿ. ಒಂದು ವಿಷಯ, ತಾರೀಖು ಅಮೆರಿಕದ ರೀತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ರೂಢಿಯಲ್ಲಿ 05/04 ಅಂತ ಹಾಕಿದರೆ ಏಪ್ರಿಲ್ ಬದಲು ಮೇ ಆಗಿಬಿಡುತ್ತದೆ.

ಅದೇ ‘ಯೂಸರ್ ಮ್ಯಾನೇಜರ್’ನ ‘ಸೆಟ್ಟಿಂಗ್ಸ್’ ಟ್ಯಾಬ್‌ನಲ್ಲಿ ಸೆಷನ್ ಟೈಮ್‌ಔಟ್ ಇದೆ. ಏನೂ ಹಾಕದಿದ್ದರೆ 240 ನಿಮಿಷ, ಅಂದರೆ ನಾಲ್ಕು ಗಂಟೆ. ಲ್ಯಾಬ್ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ಊಟಕ್ಕೆ ಎದ್ದು ಹೋಗುವವರು ಇರುವ ಕಡೆ ಅದು ಜಾಸ್ತಿಯಾಯಿತು, 15 ನಿಮಿಷ ಸಾಕು. 0 ಹಾಕಿದರೆ ಸೆಷನ್ ಮುಗಿಯುವುದೇ ಇಲ್ಲ. ಹಾಗೆ ಹಾಕಬೇಡಿ.

ಕೊನೆಗೆ ನಿಮಗೂ ಒಂದು ಸ್ವಂತ ಖಾತೆ ಮಾಡಿಕೊಂಡು ಅಡ್ಮಿನ್ಸ್ ಗ್ರೂಪಿಗೆ ಸೇರಿಸಿ. ಮೂಲದ ‘ಅಡ್ಮಿನ್’ ಖಾತೆಗೆ ಉದ್ದನೆಯ ಹೊಸ ಪಾಸ್‌ವರ್ಡ್ ಹಾಕಿ, ಲಕೋಟೆಯಲ್ಲಿ ಸೀಲ್ ಮಾಡಿ ಬೀರುವಿನಲ್ಲಿಡಿ. ‘ಪಿಎಫ್‌ಸೆನ್ಸ್’ ಎಂಬ ಮೂಲ ಪಾಸ್‌ವರ್ಡ್ ಲೋಕಕ್ಕೆಲ್ಲ ಗೊತ್ತಿರುವಂಥದ್ದು.

ಪರೀಕ್ಷೆ ಮಾಡದೆ ಯಾರಿಗೂ ಕೊಡಬೇಡಿ

‘ಡಯಾಗ್ನಾಸ್ಟಿಕ್ಸ್’ನಲ್ಲಿ ‘ಅಥೆಂಟಿಕೇಶನ್’ ಪುಟವಿದೆ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿದರೆ ಲಾಗಿನ್ ಸರಿಯಾಯಿತೇ, ಯಾವ ಯಾವ ಗ್ರೂಪಿನಲ್ಲಿದ್ದಾರೆ ಅಂತ ಹೇಳುತ್ತದೆ. ಆಮೇಲೆ ಬ್ರೌಸರ್‌ನ ಪ್ರೈವೇಟ್ ವಿಂಡೋದಲ್ಲಿ ಅವರ ಹೆಸರಲ್ಲೇ ಲಾಗಿನ್ ಆಗಿ. ಕೊಟ್ಟಷ್ಟೇ ಮೆನು ಕಾಣಬೇಕು. ‘ನೋ ಪೇಜ್ ಅಸೈನ್ಡ್ ಟು ದಿಸ್ ಯೂಸರ್’ ಅಂತ ಬಂದರೆ ಗ್ರೂಪಿಗೆ ಪುಟ ಸೇರಿಸಿಲ್ಲ, ಇಲ್ಲವೇ ಬಳಕೆದಾರರನ್ನು ಗ್ರೂಪಿಗೆ ಸೇರಿಸಿಲ್ಲ ಅಂತ ಅರ್ಥ.

ಅಕೌಂಟೆಂಟ್ ಮನೆಯಿಂದ ಬರುವಾಗ

ಇಲ್ಲಿಯವರೆಗೆ ಮಾಡಿದ್ದು ಫೈರ್‌ವಾಲನ್ನು ಯಾರು ಮುಟ್ಟಬಹುದು ಅನ್ನುವುದು. ನೆಟ್‌ವರ್ಕ್‌ನಲ್ಲಿ ಯಾರು ಎಲ್ಲಿಗೆ ಹೋಗಬಹುದು ಅನ್ನುವುದು ಬೇರೆಯೇ ಲೆಕ್ಕ. ಇವೆರಡನ್ನೂ ಒಂದೇ ಅಂದುಕೊಂಡು ಒದ್ದಾಡುವವರು ಬಹಳ. ಪಿಎಫ್‌ಸೆನ್ಸ್‌ನ ರೂಲ್‌ಗಳಿಗೆ ಐಪಿ ವಿಳಾಸ ಗೊತ್ತು, ಮನುಷ್ಯರ ಹೆಸರು ಗೊತ್ತಿಲ್ಲ. ‘ಅಕೌಂಟೆಂಟ್‌ಗೆ ಮಾತ್ರ ಬಿಡು’ ಅಂತ ರೂಲ್ ಬರೆಯಲು ಬರುವುದಿಲ್ಲ.

ದಾರಿ ಹೀಗಿದೆ. ಓಪನ್‌ವಿಪಿಎನ್ ಎಂಬ ವಿಪಿಎನ್ ಬಳಸುತ್ತಿದ್ದರೆ, ‘ವಿಪಿಎನ್’ ಮೆನುವಿನ ‘ಓಪನ್‌ವಿಪಿಎನ್’ನಲ್ಲಿ ‘ಕ್ಲೈಂಟ್ ಸ್ಪೆಸಿಫಿಕ್ ಓವರ್‌ರೈಡ್ಸ್’ಗೆ ಹೋಗಿ. ‘ಕಾಮನ್ ನೇಮ್’ ಜಾಗದಲ್ಲಿ ಅಕೌಂಟೆಂಟ್ ಅವರ ಯೂಸರ್‌ನೇಮ್, ಟನೆಲ್ ನೆಟ್‌ವರ್ಕ್ ಜಾಗದಲ್ಲಿ ಒಂದು ಖಾಯಂ ವಿಳಾಸ ಕೊಡಿ. ನಿಮ್ಮ ವಿಪಿಎನ್ 10.8.0.0/24 ಆಗಿದ್ದರೆ 10.8.0.200/24 ಅಂತ ಹಾಕಬಹುದು. ಈಗ ಅವರು ಯಾವಾಗ ಕನೆಕ್ಟ್ ಆದರೂ ಅದೇ ವಿಳಾಸ. ಆಮೇಲೆ ‘ಫೈರ್‌ವಾಲ್ ರೂಲ್ಸ್’ನ ಓಪನ್‌ವಿಪಿಎನ್ ಟ್ಯಾಬ್‌ನಲ್ಲಿ 10.8.0.200ರಿಂದ ಟ್ಯಾಲಿ ಕಂಪ್ಯೂಟರ್‌ನ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ 3389ಕ್ಕೆ ಮಾತ್ರ ಬಿಡುವ ರೂಲ್ ಬರೆಯಿರಿ.

ಇಷ್ಟಾದರೂ ಅವರಿಗೆ ಇಡೀ ಕಾಲೇಜೇ ಕಾಣುತ್ತಿದ್ದರೆ ಗಾಬರಿಯಾಗಬೇಡಿ. ವಿಝಾರ್ಡ್‌ನಿಂದ ವಿಪಿಎನ್ ಮಾಡಿದಾಗ ‘ಎಲ್ಲವನ್ನೂ ಬಿಡು’ ಅನ್ನುವ ರೂಲ್ ಅದೇ ಟ್ಯಾಬ್‌ನಲ್ಲಿ ಕೂತಿರುತ್ತದೆ. ಅದನ್ನು ತೆಗೆಯದೆ ನಿಮ್ಮ ಹೊಸ ರೂಲ್‌ಗೆ ಬೆಲೆಯಿಲ್ಲ. ಬೇರೆಯವರೂ ವಿಪಿಎನ್ ಬಳಸುತ್ತಿದ್ದರೆ ಅವರಿಗೆ ಬೇಕಾದ ರೂಲ್‌ಗಳನ್ನು ಮೊದಲು ಬರೆದು ಆಮೇಲೆ ತೆಗೆಯಿರಿ. ಪ್ರತಿಯೊಬ್ಬರಿಗೂ ಸರ್ಟಿಫಿಕೇಟ್ (ಗುರುತಿನ ಚೀಟಿಯಂಥ ಫೈಲ್) ಕೊಟ್ಟಿದ್ದರೆ ಸರ್ವರ್ ಸೆಟ್ಟಿಂಗ್‌ನಲ್ಲಿ ‘ಸ್ಟ್ರಿಕ್ಟ್ ಯೂಸರ್-ಸಿಎನ್ ಮ್ಯಾಚಿಂಗ್’ ಟಿಕ್ ಮಾಡಿ. ಒಬ್ಬರ ಸರ್ಟಿಫಿಕೇಟ್ ಇಟ್ಟುಕೊಂಡು ಇನ್ನೊಬ್ಬರ ಹೆಸರಲ್ಲಿ ಒಳಗೆ ಬರುವುದು ಆಗ ನಡೆಯುವುದಿಲ್ಲ.

ವೈಫೈ ಲಾಗಿನ್ ಪುಟಕ್ಕೆ ಇದೇ ಖಾತೆಗಳನ್ನು ಬಳಸುವುದಾದರೆ, ‘ಕ್ಯಾಪ್ಟಿವ್ ಪೋರ್ಟಲ್ ಲಾಗಿನ್’ ಅನುಮತಿ ಇರುವ ಗ್ರೂಪಿಗೆ ಮಾತ್ರ ಬಿಡುವ ಆಯ್ಕೆ ಪೋರ್ಟಲ್‌ನ ಸೆಟ್ಟಿಂಗ್‌ನಲ್ಲೇ ಇದೆ.

ದಾಖಲೆ, ಬೀಗ, ಬಿಟ್ಟುಹೋಗುವವರು

‘ಬ್ಯಾಕಪ್ ಆಂಡ್ ರಿಸ್ಟೋರ್’ನ ‘ಕಾನ್ಫಿಗ್ ಹಿಸ್ಟರಿ’ ಟ್ಯಾಬ್ ತೆರೆದರೆ ಯಾರು, ಯಾವ ಐಪಿಯಿಂದ, ಯಾವಾಗ, ಏನು ಬದಲಾಯಿಸಿದರು ಅಂತ ಸಾಲುಸಾಲಾಗಿ ಸಿಗುತ್ತದೆ. ಹಳೆಯದು ಮತ್ತು ಹೊಸದರ ವ್ಯತ್ಯಾಸವನ್ನೂ ನೋಡಬಹುದು, ಹಳೆಯದಕ್ಕೆ ವಾಪಸ್ ಹೋಗಲೂಬಹುದು. ಪ್ರಿಂಟರ್ ದಾರಿ ಮುಚ್ಚಿದ್ದು ಯಾರು ಅಂತ ಈಗ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಲಾಗ್‌ಗಳು ಮಾತ್ರ ಫೈರ್‌ವಾಲ್‌ನಲ್ಲಿ ಬಹಳ ದಿನ ಉಳಿಯುವುದಿಲ್ಲ, ಫೈಲ್ ತುಂಬಿದ ಹಾಗೆ ಹಳೆಯದು ಅಳಿಸಿಹೋಗುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಕಂಪನಿಗಳು, ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು ಅಂತಿದೆ. ‘ಸಿಸ್ಟಮ್ ಲಾಗ್ಸ್’ನ ಸೆಟ್ಟಿಂಗ್‌ನಲ್ಲಿ ರಿಮೋಟ್ ಲಾಗಿಂಗ್ ಆನ್ ಮಾಡಿ, ಬೇರೊಂದು ಕಂಪ್ಯೂಟರ್‌ನ ಸಿಸ್‌ಲಾಗ್ (ಲಾಗ್ ಕೂಡಿಡುವ) ಸರ್ವರ್‌ಗೆ ಕಳಿಸಿ.

ಫೈರ್‌ವಾಲ್ ಪೆಟ್ಟಿಗೆ ಇರುವ ಕೋಣೆಗೆ ಬೀಗ ಹಾಕಿ. ಪೆಟ್ಟಿಗೆಗೆ ಮಾನಿಟರ್, ಕೀಬೋರ್ಡ್ ಚುಚ್ಚಿದರೆ ಬರುವ ಮೆನುವಿನಲ್ಲಿ 3 ಒತ್ತಿದರೆ ಅಡ್ಮಿನ್ ಪಾಸ್‌ವರ್ಡೇ ರೀಸೆಟ್ ಆಗುತ್ತದೆ. ‘ಸಿಸ್ಟಮ್ ಅಡ್ವಾನ್ಸ್ಡ್’ನ ಅಡ್ಮಿನ್ ಆ್ಯಕ್ಸೆಸ್ ಪುಟದಲ್ಲಿ ಈ ಮೆನುವಿಗೂ ಪಾಸ್‌ವರ್ಡ್ ಇಡುವ ಟಿಕ್ ಇದೆ.

ಯಾರಾದರೂ ಕೆಲಸ ಬಿಟ್ಟರೆ ಅವರ ಖಾತೆ ತೆರೆದು ಮೇಲಿನ ‘ಡಿಸೇಬಲ್ಡ್’ ಟಿಕ್ ಮಾಡಿ. ವಿಪಿಎನ್ ಸರ್ಟಿಫಿಕೇಟ್ ಇದ್ದರೆ ಅದನ್ನೂ ರಿವೋಕ್ (ರದ್ದಾದವುಗಳ) ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ವಿಪಿಎನ್ ಸರ್ವರ್‌ನ ಸೆಟ್ಟಿಂಗ್‌ನಲ್ಲಿ ಆರಿಸಿದ್ದೀರಾ ನೋಡಿಕೊಳ್ಳಿ. ಆ ಹೊತ್ತಿಗೆ ಅವರು ವಿಪಿಎನ್‌ನಲ್ಲಿ ಇದ್ದರೆ ಇಷ್ಟು ಮಾಡಿದ ತಕ್ಷಣ ಲೈನ್ ಕಡಿದುಹೋಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. ‘ಸ್ಟೇಟಸ್’ ಮೆನುವಿನ ಓಪನ್‌ವಿಪಿಎನ್ ಪುಟಕ್ಕೆ ಹೋಗಿ, ಅವರ ಹೆಸರಿನ ಸಾಲಿನ ತುದಿಯಲ್ಲಿರುವ ಅಡ್ಡಗುರುತು ಒತ್ತಿ ನೀವೇ ಕಡಿಯಬೇಕು.